ರಕ್ತ ಕೊಟ್ಟವರಿಗೆ ಉತ್ತರ ಕೊಡಿ



ವೈದ್ಯ ಸಂಶೋಧಕರು ದೊಡ್ಡ ಹುದ್ದೆಗೆ ಏರಿದರೆ ರೋಗಿಗಳಿಗೂ ತಾನಾಗಿಯೇ ಒಳ್ಳೆಯದಾಗುತ್ತದೆ ಎಂದು ಓದಿದವರು ಹೇಳುತ್ತಾರೆ. ಇದು ಅರ್ಧ ಸತ್ಯ. ಸಂಶೋಧನೆಯ ಕೀರ್ತಿ ಬೇಗ ಊರು ತುಂಬುತ್ತದೆ. ಔಷಧ ನಮ್ಮ ಲೈನ್ ಮನೆಯ ಬಾಗಿಲಿಗೆ ಬರಲು ಒಂದು ತಲೆಮಾರು ಬೇಕಾಗುತ್ತದೆ. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ನೀಲಗಿರಿ, ವಯನಾಡಿನ ಬೆಟ್ಟದ ಜನರಲ್ಲಿರುವ ಸಿಕಲ್ ಸೆಲ್ ರೋಗವೇ ಸಾಕ್ಷಿ.

ರಕ್ತದ ಕೆಂಪು ಕಣ ದುಂಡಗೆ, ಮೆತ್ತಗೆ ಇರಬೇಕು. ಈ ರೋಗದಲ್ಲಿ ಅದು ಕುಡುಗೋಲಿನಂತೆ ಬಾಗಿ ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ, ಎದೆ, ಹೊಟ್ಟೆಗಳಲ್ಲಿ ಸಹಿಸಲಾಗದ ನೋವು ಬರುತ್ತದೆ. ಚಳಿ, ಜ್ವರ, ನೀರು ಕುಡಿಯದೆ ದುಡಿಯುವುದು ಇವೆಲ್ಲ ನೋವನ್ನು ಕೆರಳಿಸುತ್ತವೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಹೆತ್ತವರಿಂದ ಮಕ್ಕಳಿಗೆ ಬರುವಂಥದ್ದು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಆ ಮಗು ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಈ ರೋಗದ ಚರಿತ್ರೆಯನ್ನು ಮೊದಲಿನಿಂದ ನೋಡಿರಿ. 1910ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಡಾ. ಜೇಮ್ಸ್ ಹೆರಿಕ್ ಇದರ ಬಗ್ಗೆ ಲೇಖನ ಪ್ರಕಟಿಸಿದರು. ಸೂಕ್ಷ್ಮದರ್ಶಕದಲ್ಲಿ ಆ ಬಾಗಿದ ಕಣಗಳನ್ನು ಮೊದಲು ಕಂಡವರು ಅವರ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್. ಲೇಖನದ ಮೇಲೆ ಇದ್ದದ್ದು ಹೆರಿಕ್ ಒಬ್ಬರದೇ ಹೆಸರು. ರಕ್ತ ಕೊಟ್ಟವನು ಗ್ರೆನಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್. ಅವನ ಹೆಸರು ಅಲ್ಲಿ ಇರಲೇ ಇಲ್ಲ. ಅವನು ತನ್ನ ದ್ವೀಪಕ್ಕೆ ಮರಳಿ ದಂತವೈದ್ಯನಾಗಿ ಕೆಲಸ ಮಾಡಿ, 1916ರಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ತೋಟದ ಕಾರ್ಮಿಕರಿಗೆ ವೈದ್ಯ ಸೌಲಭ್ಯ ಒದಗಿಸಬೇಕೆಂದು ಹೇಳಿದ ಕಾಯ್ದೆ ಬಂದದ್ದು 1951ರಲ್ಲಿ. ಮರುವರ್ಷವೇ, 1952ರಲ್ಲಿ, ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬವರು ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಈ ಗುಣವಿದೆ ಎಂದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಮೇಲಣ ಅಸ್ಸಾಮಿನ ಚಹ ತೋಟದ ಕೂಲಿಕಾರರಲ್ಲಿಯೂ ರೋಗ ಕಂಡಿತೆಂದು ಇನ್ನೊಂದು ಲೇಖನ ಬಂತು. ಭಾರತದಲ್ಲಿ ಈ ರೋಗ ಬೆಳಕಿಗೆ ಬಂದದ್ದೇ ಬೆಟ್ಟದವರ ಮತ್ತು ತೋಟದವರ ರಕ್ತದಿಂದ.

ಲೇಮನ್ 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಅವರು ಯೋಗ್ಯ ವಿಜ್ಞಾನಿ. 1952ರಲ್ಲಿ ಈ ರೋಗಕ್ಕೆ ಕೊಡಲು ಅವರ ಕೈಯಲ್ಲಿ ಔಷಧವೂ ಇರಲಿಲ್ಲ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಔಷಧ ಬಂದ ಮೇಲೆ ಆದದ್ದೇನು?

1986ರಲ್ಲಿ ಅಮೆರಿಕದ ಡಾ. ಮರಿಲಿನ್ ಗ್ಯಾಸ್ಟನ್ ಮತ್ತು ಸಂಗಡಿಗರು, ರೋಗವಿರುವ ಎಳೆಯ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ಪ್ರಾಣ ತೆಗೆಯುವ ಒಂದು ಬಗೆಯ ಸೋಂಕು ಶೇ. 84ರಷ್ಟು ಕಡಿಮೆಯಾಗುತ್ತದೆಂದು ತೋರಿಸಿದರು. 1995ರಲ್ಲಿ ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧದ ಪರೀಕ್ಷೆ ಮುಗಿಯಿತು, ವರ್ಷಕ್ಕೆ 4.5 ಸಲ ಬರುತ್ತಿದ್ದ ನೋವಿನ ದಾಳಿ 2.5 ಸಲಕ್ಕೆ ಇಳಿಯಿತು. 2012ರಲ್ಲಿ ನಾಗಪುರದ ಡಾ. ದೀಪ್ತಿ ಜೈನ್ ಮತ್ತು ಸಂಗಡಿಗರು ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ನಮ್ಮ ದೇಶದ ಮಕ್ಕಳಿಗೆ ಗುಣ ಕಾಣುತ್ತದೆಂದು ತೋರಿಸಿದರು. ಗುಡಲೂರಿನ ಆದಿವಾಸಿ ಆಸ್ಪತ್ರೆ ಆದಿವಾಸಿ ಹೆಣ್ಣುಮಕ್ಕಳನ್ನೇ ನರ್ಸುಗಳಾಗಿ ತರಬೇತು ಮಾಡಿ, ಈ ರೋಗಿಗಳನ್ನು ನೋಡಿಕೊಂಡಿತು. ಇಂಥವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಇವರ ಸಂಶೋಧನೆ, ಸೇವೆಗಳು ರೋಗಿಯ ಹಾಸಿಗೆಯ ತನಕ ನಡೆದು ಬಂದವು.

ಆದರೆ ಇಡೀ ದೇಶಕ್ಕಾಗಿ ಸಿಕಲ್ ಸೆಲ್ ನಿರ್ಮೂಲನ ಯೋಜನೆ ಆರಂಭವಾದದ್ದು 2023ರ ಜುಲೈ 1ರಂದು. ನೀಲಗಿರಿಯ ಲೇಖನ ಬಂದು 71 ವರ್ಷ, ಹೈಡ್ರಾಕ್ಸಿಯೂರಿಯಾ ಪರೀಕ್ಷೆ ಮುಗಿದು 28 ವರ್ಷ ಕಳೆದಿದ್ದವು. ಏಳು ಕೋಟಿ ಜನರ ರಕ್ತ ನೋಡಿ ಕಾರ್ಡು ಕೊಡುವುದು ಯೋಜನೆಯ ಗುರಿ. ಒಳ್ಳೆಯದೇ. ಆದರೆ ಕಾರ್ಡಿನಿಂದ ನೋವು ಇಳಿಯುವುದಿಲ್ಲ. ಅದೇ 2023ರ ಡಿಸೆಂಬರಿನಲ್ಲಿ ಅಮೆರಿಕವು ಈ ರೋಗಕ್ಕೆ ಜೀನ್ ತಿದ್ದುವ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್. ಪತ್ರಿಕೆಗಳೆಲ್ಲ ಹೊಗಳಿದವು. ಎಲೆ ಕೊಯ್ಯುವ ತಾಯಿಗೆ ಅದರಿಂದ ಏನು? ಅವಳ ಮಗುವಿಗೆ ಬೇಕಾದದ್ದು ಕಡಿಮೆ ಬೆಲೆಯ ಗುಳಿಗೆ, ಅದು ತಪ್ಪದೆ ಸಿಗುವ ಡಿಸ್ಪೆನ್ಸರಿ, ರಕ್ತ ಪರೀಕ್ಷಿಸಿ ಪ್ರಮಾಣ ಸರಿ ನೋಡುವ ವೈದ್ಯರು.

“ಮೂಲ ಸಂಶೋಧನೆ ಬೇಡವೋ?” ಎಂದು ಕೇಳುವವರಿದ್ದಾರೆ. ಬೇಕು, ಖಂಡಿತ ಬೇಕು. ಹೊಸದು ಕಂಡವನಿಗೆ ಬಡ್ತಿ, ಕಂಡದ್ದನ್ನು ಬಡವನಿಗೆ ಮುಟ್ಟಿಸಿದವನಿಗೆ ಮೌನ ಎಂಬ ಲೆಕ್ಕವನ್ನು ಮಾತ್ರ ನಾವು ಒಪ್ಪುವುದಿಲ್ಲ. “ಇದು ಆದಿವಾಸಿಗಳ ರೋಗ, ನಮಗೇಕೆ?” ಎನ್ನುವ ತೋಟದವರೂ ಇದ್ದಾರೆ. ಪಣಿಯರು, ಕುರುಂಬರು ನಮ್ಮ ಪಕ್ಕದ ಸಾಲಿನಲ್ಲೇ ಎಲೆ ಕೊಯ್ಯುತ್ತಾರೆ. ಜಾರ್ಖಂಡ್‌ನಿಂದ ಬಂದವರು ನಮ್ಮ ಪಕ್ಕದ ಲೈನಿನಲ್ಲೇ ಇದ್ದಾರೆ. ಅತ್ತಕಡೆಯ ಆದಿವಾಸಿಗಳಲ್ಲೂ ಈ ರೋಗವಿದೆ. ಕೈಕಾಲು ಹಿಡಿದು ನರಳುವವನನ್ನು ಸೋಮಾರಿ ಎಂದು ಬೈದು ಅರ್ಧ ಹಾಜರಿ ಹಾಕುವ ಮೇಸ್ತ್ರಿ, ಅವನು ಯಾವ ಜಾತಿ ಎಂದು ಕೇಳುವುದಿಲ್ಲ.

ಆದ್ದರಿಂದ ಪ್ರತಿ ತೋಟದಲ್ಲೂ ಈ ಮೂರನ್ನು ಕೇಳೋಣ. ಒಂದು: ರಕ್ತ ತೆಗೆದವರು, ಸರಕಾರದವರಾಗಲಿ ಕಾಲೇಜಿನವರಾಗಲಿ, ಫಲಿತಾಂಶವನ್ನು ಮನೆಯವರ ಭಾಷೆಯಲ್ಲಿ ತಿಳಿಸಬೇಕು, ವಾಹಕ ಯಾರು, ರೋಗಿ ಯಾರು ಎಂದು ಬಿಡಿಸಿ ಹೇಳಬೇಕು. ಎರಡು: ಗುಳಿಗೆ ಹತ್ತಿರದ ಆಸ್ಪತ್ರೆಯಲ್ಲಿ ವರ್ಷವಿಡೀ ಇರಬೇಕು. ಮೂರು: ನೋವಿನ ದಾಳಿಯನ್ನು ಕಾಯಿಲೆಯ ರಜೆಯಾಗಿ ಬರೆಯಬೇಕು, ಕೆಲಸದ ಜಾಗದಲ್ಲಿ ಕುಡಿಯುವ ನೀರು ಇರಬೇಕು.

ನಮ್ಮ ಪಾಲಿನ ಕೆಲಸವೂ ಒಂದಿದೆ. ಮದುವೆಯ ಮಾತು ಬಂದಾಗ ಕಾರ್ಡನ್ನು ಬಚ್ಚಿಡಬೇಡಿ. ವಾಹಕಳೆಂದು ಹೆಣ್ಣನ್ನು ಹೀಯಾಳಿಸಬೇಡಿ. ಗಂಡಿನ ರಕ್ತವನ್ನೂ ನೋಡಿಸಿ.

ನಮ್ಮ ರಕ್ತದಿಂದ ಲೇಖನಗಳು ಬಂದವು. ಇನ್ನು ಔಷಧ ಬರಲಿ.