ನಾರ್ಮಲ್ಲಾ, ಪವರ್ರಾ, ಬಾಟಲಿನಾ?

ಬೆಂಗಳೂರಿನ ಯಾವ ಬಂಕ್‌ಗೆ ಹೋದ್ರೂ ಗಾಡಿ ಆಫ್ ಮಾಡೋ ಮೊದಲೇ ಪ್ರಶ್ನೆ ಬರುತ್ತೆ, "ಸರ್, ನಾರ್ಮಲ್ಲಾ ಪವರ್ರಾ?" ಹಿಂದೆ ನಿಂತವನು ಹಾರ್ನ್ ಹೊಡೀತಿರ್ತಾನೆ. ಯೋಚನೆ ಮಾಡೋಕೆ ಸಿಗೋದು ಮೂರು ಸೆಕೆಂಡ್. ಕಾರಿಗೆ ಒಳ್ಳೇದಾಗಲಿ ಅಂತ "ಪವರ್" ಅಂದುಬಿಡ್ತೀವಿ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಕೈಯಲ್ಲಿ ಚಿಕ್ಕ ಬಾಟಲಿ ಹಿಡಿದು ಬರ್ತಾನೆ, "ಇಂಜಿನ್ ಕ್ಲೀನ್ ಆಗುತ್ತೆ ಸರ್, ಮೈಲೇಜೂ ಬರುತ್ತೆ." ಇವೆರಡಕ್ಕೂ ಏನು ಉತ್ತರ ಕೊಡಬೇಕು ಅನ್ನೋದೇ ಈ ವಾರದ ವಿಷಯ.

ಮೊದಲು ಆಕ್ಟೇನ್. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿನಲ್ಲಿ ಶಕ್ತಿ ಜಾಸ್ತಿ ಅಂತ ನಮ್ಮ ಆಫೀಸಿನಲ್ಲಿ ಅರ್ಧ ಜನ ನಂಬಿದ್ದಾರೆ, ಮೆಕ್ಯಾನಿಕಲ್ ಓದಿ ಕೋಡಿಂಗ್‌ಗೆ ಬಂದವರೂ ಸೇರಿ. ಆದರೆ ಆ ಸಂಖ್ಯೆ ಹೇಳೋದು ಪೆಟ್ರೋಲಿನ ಶಕ್ತಿಯನ್ನಲ್ಲ, ತಾಳ್ಮೆಯನ್ನು. ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತೆ, ಒತ್ತಿದಂತೆ ಅದು ಬಿಸಿಯಾಗುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಕ್ರಮವಾಗಿ ಹರಡಬೇಕು. ಅದಕ್ಕೆ ಕಾಯದೆ ಮಿಶ್ರಣದ ಒಂದು ಭಾಗ ತಾನಾಗೇ ಸಿಡಿದರೆ ಅದೇ ನಾಕಿಂಗ್. ಶಿರಾಡಿ ಘಾಟಿ ಹತ್ತುವಾಗ ಐದು ಜನ, ಲಗೇಜು, ಎಸಿ ಎಲ್ಲಾ ಇಟ್ಟುಕೊಂಡು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ ನೋಡಿ. ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅದು ನಾಕಿಂಗ್. ಆಕ್ಟೇನ್ ಜಾಸ್ತಿ ಇರೋ ಪೆಟ್ರೋಲ್ ಈ ಒತ್ತಡವನ್ನು ಹೆಚ್ಚು ತಡೆದುಕೊಳ್ಳುತ್ತೆ, ಅಷ್ಟೇ.

ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತೆ. ಅದು ಸದ್ದು ಹಿಡಿದ ಕೂಡಲೇ ಇಸಿಯು ಕಿಡಿಯನ್ನು ಸ್ವಲ್ಪ ತಡ ಮಾಡುತ್ತೆ. ಇಂಜಿನ್ ಉಳಿಯುತ್ತೆ, ಪಿಕಪ್ ಕೊಂಚ ಇಳಿಯುತ್ತೆ. ಹಾಗಾಗಿ 95 ಬೇಕು ಅಂತ ಕಂಪನಿಯೇ ಹೇಳಿರೋ ಇಂಜಿನ್‌ಗೆ, ಕೆಲವು ಟರ್ಬೊ ಇಂಜಿನ್‌ಗಳಿಗೆ, ಹೆಚ್ಚಿನ ಆಕ್ಟೇನ್‌ನಿಂದ ನಿಜವಾಗಿ ಉಪಯೋಗ ಇದೆ. 91ಕ್ಕೆ ಅಂತ ಮಾಡಿದ ಸಾಧಾರಣ ಹ್ಯಾಚ್‌ಬ್ಯಾಕ್‌ಗೆ ಅದು ಬೇಕಿಲ್ಲ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನೋದು ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಹೌದು, ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿದೆಯಲ್ಲ, ಅದೇ ಪುಸ್ತಕ.

ಇಲ್ಲೊಂದು ತಮಾಷೆ ಇದೆ. ಸಾದಾ ಪೆಟ್ರೋಲಿನ ಆಕ್ಟೇನ್ 91 ಇತ್ತು. ಎಥನಾಲ್‌ನ ಆಕ್ಟೇನ್ ಸುಮಾರು 108. ಅದನ್ನು ಶೇ. 20ರಷ್ಟು ಬೆರೆಸಿದ ಇ20 ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಅಂದ್ರೆ "95" ಅಂತ ಬೋರ್ಡ್ ಹಾಕಿರೋ ಪೆಟ್ರೋಲಿಗೆ ಲೀಟರ್‌ಗೆ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟಾಗ, ನೀವು ಹೆಚ್ಚಾಗಿ ದುಡ್ಡು ಕೊಡ್ತಿರೋದು ಅದರಲ್ಲಿರೋ ಕ್ಲೀನಿಂಗ್ ಅಡಿಟಿವ್‌ಗೆ. 99, 100ರ ಕಥೆ ಬೇರೆ. ಅವು ಅಂಥದ್ದೇ ಇಂಜಿನ್ ಇರೋರಿಗೆ.

ಇ20 ಅಂದ ಕೂಡಲೇ ಹಾಸನದಲ್ಲಿರೋ ನಮ್ಮ ಭಾವ ನೆನಪಾಗ್ತಾರೆ. ಅವರದು 2014ರ ಪೆಟ್ರೋಲ್ ಕಾರು. ತಿಂಗಳಿಗೆ ಆರುನೂರು ಕಿಲೋಮೀಟರ್ ಓಡುತ್ತೆ. ಅವರ ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದರಲ್ಲೇ. ಒಂದು ದಿನ ತುಕ್ಕು ಹಿಡಿದ ಟ್ಯಾಂಕಿನ ವಿಡಿಯೋ ಕಳಿಸಿ ಫೋನ್ ಮಾಡಿದ್ರು. "ನೋಡಿದ್ಯೇನಪ್ಪ? ಎಥನಾಲ್ ಇಂಜಿನ್ನೇ ತಿಂದುಹಾಕುತ್ತಂತೆ. ಒಬ್ರು ಎರಡು ಲಕ್ಷಕ್ಕೆ ಕೇಳ್ತಿದ್ದಾರೆ, ಕೊಟ್ಟುಬಿಡ್ಲಾ?" ಕೊಟ್ಟರೆ ಮುಂದೇನು? ಹೊಸ ಕಾರಿನ ಇಎಂಐ, ಅದೂ ಮಗಳ ಪಿಯುಸಿ ಫೀಸು ಕಟ್ಟೋ ವರ್ಷದಲ್ಲಿ.

ಭಾವನ ಭಯ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು. ಆ ವರ್ಷದ ಏಪ್ರಿಲ್‌ನಿಂದ ಬಂದ ಕಾರುಗಳ ಪೈಪು, ಸೀಲುಗಳು ಇದನ್ನು ತಡೆಯೋ ಹಾಗಿವೆ. ಅದಕ್ಕಿಂತ ಹಳೆಯವರ ಪಾಡು ನಾವೇ ನೋಡ್ಕೋಬೇಕು. ಮೈಲೇಜ್ ಇಳಿಯೋದು ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಶೇ. 20 ಬೆರೆಸಿದರೆ ಶೇ. 6ರಿಂದ 7ರಷ್ಟು ಕೊರತೆ. ನೀತಿ ಆಯೋಗದ 2021ರ ವರದಿ ಹಳೆಯ ಕಾರುಗಳಿಗೆ ಕೊಟ್ಟಿರೋ ಅಂದಾಜೂ ಅಷ್ಟೇ. ಲೀಟರ್‌ಗೆ 18 ಕೊಡ್ತಿದ್ದ ಕಾರು 17ರ ಹತ್ತಿರ ಬರುತ್ತೆ. ಭಾವನ ಲೆಕ್ಕದಲ್ಲಿ ತಿಂಗಳಿಗೆ ಎರಡೂವರೆ ಲೀಟರ್ ಜಾಸ್ತಿ, ಸುಮಾರು ಇನ್ನೂರೈವತ್ತು ರೂಪಾಯಿ. ಇದನ್ನು ಸರಿದೂಗಿಸೋಕೆ ಅಂತ ಪ್ರೀಮಿಯಂ ಹಾಕಿಸಿದರೆ ಅದಕ್ಕೂ ತಿಂಗಳಿಗೆ ಇನ್ನೂರೈವತ್ತು ಜಾಸ್ತಿ. ಎರಡು ಕಡೆಯಿಂದ ಹೋಯ್ತು.

ನಿಜವಾಗಿ ನೋಡಬೇಕಾದ್ದು ರಬ್ಬರ್. ಹಳೆಯ ಕಾರಿನ ಪೆಟ್ರೋಲ್ ಪೈಪು, ಓ-ರಿಂಗು, ಗ್ಯಾಸ್ಕೆಟ್‌ಗಳು ಎಥನಾಲ್‌ಗೆ ಊದಿಕೊಳ್ಳಬಹುದು, ಇಲ್ಲಾ ಗಟ್ಟಿಯಾಗಿ ಬಿರುಕು ಬಿಡಬಹುದು. 20-30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ಹಳೆಯ ಗಾಡಿಗಳಲ್ಲಿ ಇವನ್ನು ಬದಲಿಸಬೇಕಾಗಬಹುದು ಅಂತ ಸಚಿವಾಲಯವೂ ಒಪ್ಪಿದೆ. ಅದರ ಜೊತೆಗೆ ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನು ಸಡಿಲ ಮಾಡುತ್ತೆ, ಅದು ಹೋಗಿ ಫಿಲ್ಟರ್‌ನಲ್ಲಿ ಕೂರುತ್ತೆ. ಭಾವ ತಮ್ಮ ಮಾಮೂಲಿ ಗ್ಯಾರೇಜಿನಲ್ಲೇ ಪೈಪು, ಓ-ರಿಂಗು, ಫಿಲ್ಟರ್ ಹಾಕಿಸಿಕೊಂಡ್ರು. ಬಿಲ್ಲು ಐದು ಸಾವಿರ ದಾಟಲಿಲ್ಲ. ಕಾರು ಮಾರಲಿಲ್ಲ. ಒಂದು ಮಾತು ಮಾತ್ರ ಅವರಿಗೆ ಎರಡು ಸಲ ಹೇಳಿದ್ದೆ, ನಿಮಗೂ ಹೇಳ್ತೀನಿ: ಬೆಳಿಗ್ಗೆ ಕಾರಿನ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ. ಬಿರುಕು ಬಿಟ್ಟ ಪೈಪು, ಬಿಸಿ ಇಂಜಿನ್, ಬೆಂಕಿಗೆ ಇನ್ನೇನು ಬೇಕು?

ಇನ್ನು ಬಾಟಲಿಗಳು. ನನ್ನ ಮಟ್ಟಿಗೆ ಇವುಗಳಲ್ಲಿ ಒಂದೇ ಒಂದು ಜಾತಿಗೆ ಮರ್ಯಾದೆ ಇದೆ, ಇಂಜೆಕ್ಟರ್ ಕ್ಲೀನರ್. ಅದರಲ್ಲೂ ಪಾಲಿಈಥರ್ ಅಮೈನ್ ಅಂತ ಹಿಂದೆ ಬರೆದಿದ್ದರೆ ಇಂಜೆಕ್ಟರ್ ಮೇಲಿನ ಇಂಗಾಲದ ಪದರವನ್ನು ಅದು ನಿಜವಾಗಿ ಕರಗಿಸುತ್ತೆ. ಹಳೆಯ ಕಾರು, ಐಡಲಿಂಗ್‌ನಲ್ಲಿ ನಡುಗುತ್ತೆ ಅನ್ನೋ ಹಾಗಿದ್ದರೆ ಒಂದು ಬಾಟಲಿ ಹಾಕಿ ನೋಡಬಹುದು. ಪ್ರತಿ ಟ್ಯಾಂಕಿಗೂ ಬೇಡ. ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ಗೆ ತಾಗೋದೇ ಇಲ್ಲ, ಹಾಗಾಗಿ ಯಾವ ಬಾಟಲಿಯೂ ಆ ವಾಲ್ವ್ ತೊಳೆಯಲ್ಲ. ಆಕ್ಟೇನ್ ಬೂಸ್ಟರ್‌ಗಳಲ್ಲಿ ಕೆಲವಕ್ಕೆ ಮ್ಯಾಂಗನೀಸ್ ಸಂಯುಕ್ತ ಹಾಕ್ತಾರೆ, ಅದು ಸ್ಪಾರ್ಕ್ ಪ್ಲಗ್ ಮೇಲೆ ಕೆಂಪಗೆ ಕೂರುತ್ತೆ. "ಎಥನಾಲ್ ತೆಗೆಯುತ್ತೆ" ಅನ್ನೋ ಬಾಟಲಿ ಕಂಡರೆ ಕೈ ಮುಗಿದು ಮುಂದೆ ಹೋಗಿ. ಟ್ಯಾಂಕಿನಲ್ಲಿ ಬೆರೆತಿರೋ ಎಥನಾಲ್ ಬಾಟಲಿ ಸುರಿದರೆ ಮಾಯ ಆಗಲ್ಲ. ನಮ್ಮೂರ ಕಡೆ ಸ್ಕೂಟರ್ ಟ್ಯಾಂಕಿಗೆ ನುಸಿಗುಳಿಗೆ ಹಾಕೋರಿದ್ರು, ಪಿಕಪ್ ಬರುತ್ತೆ ಅಂತ. ದಯವಿಟ್ಟು ಆ ಗುಳಿಗೆ ಬೀರುವಿನಲ್ಲೇ ಇರಲಿ.

ನನ್ನನ್ನು ಕೇಳಿದರೆ ಯಾವ ಪೆಟ್ರೋಲ್ ಅನ್ನೋದಕ್ಕಿಂತ ಯಾವ ಬಂಕ್ ಅನ್ನೋದು ದೊಡ್ಡ ಪ್ರಶ್ನೆ, ಮಳೆಗಾಲದಲ್ಲಂತೂ ಇನ್ನೂ. ಎಥನಾಲ್‌ಗೆ ನೀರು ಅಂದ್ರೆ ಪ್ರೀತಿ. ಸ್ವಲ್ಪ ನೀರನ್ನು ಕರಗಿಸಿಕೊಳ್ಳುತ್ತೆ, ಮಿತಿ ಮೀರಿದರೆ ನೀರು-ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಪಂಪ್ ಎಳೆಯೋದು ಅಲ್ಲಿಂದಲೇ. ಅದಕ್ಕೇ ಗಿರಾಕಿ ಜಾಸ್ತಿ ಇರೋ, ಸ್ಟಾಕ್ ಬೇಗ ಖಾಲಿಯಾಗೋ ಬಂಕ್ ಒಳ್ಳೇದು. ವರ್ಕ್ ಫ್ರಮ್ ಹೋಮ್ ಅಂತ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸೋರು ಟ್ಯಾಂಕ್ ಖಾಲಿ ಬಿಡಬೇಡಿ, ವಾರಕ್ಕೊಮ್ಮೆ ಒಂದು ಸುತ್ತು ಹೋಗಿ ಬನ್ನಿ. ಅನುಮಾನ ಬಂದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ, ಅದು ನಿಮ್ಮ ಹಕ್ಕು. ನಾಝಲ್‌ನ ಬಾಯಿ ಒರೆಸಿ ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಅಳತೆ ಬಗ್ಗೆ ಅನುಮಾನ ಇದ್ದರೆ ಐದು ಲೀಟರ್ ಮಾಪನ ತರಿಸಿ, 25 ಮಿಲಿ ಆಚೀಚೆ ಆದರೆ ಸರಿ, ಅದಕ್ಕಿಂತ ಕಡಿಮೆ ಬಂದರೆ ದೂರು ಬರೆಯಿರಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ ಬಿಡಿ.