ಹಿಮ ಬೀಳದ ಊರಿನಲ್ಲಿ ಚಳಿಯಿಲ್ಲವೆ?

ಅಮೆರಿಕದ ಶಿಕಾಗೋದಲ್ಲಿರುವ ನಮ್ಮ ಅಕ್ಕನ ಮಗ ಪ್ರತಿ ಜನವರಿಯಲ್ಲೂ ತಪ್ಪದೆ ಫೋಟೋ ಕಳಿಸುತ್ತಾನೆ. ಅಂಗಳದ ತುಂಬ ಹಿಮ, ಹಿಮದಲ್ಲಿ ಅರ್ಧ ಹೂತುಹೋದ ಕಾರು, ಬಲೂನಿನಂಥ ಕೋಟು ತೊಟ್ಟ ಅವನ ಮಗಳು. ನೋಡಿದವರೆಲ್ಲ "ಅಯ್ಯೋ ಪಾಪ, ಆ ಚಳಿಯಲ್ಲಿ ಹೇಗಿದ್ದಾರೋ!" ಎಂದು ಮರುಗುತ್ತಾರೆ. ಮರುಗಿದ ಅದೇ ಬಾಯಲ್ಲಿ, "ನಮ್ಮ ದುರ್ಗದ ಚಳಿಯೂ ಒಂದು ಚಳಿಯೇ? ಇಲ್ಲೇನು ಹಿಮ ಬೀಳುತ್ತದೆಯೇ?" ಎನ್ನುತ್ತಾರೆ. ಮದಕರಿಪುರದವಳಾದ ನನಗೆ ಈ ಮಾತಿನ ಮೇಲೆ ತಕರಾರಿದೆ.

ಹಿಮ ಬೀಳುವುದಿಲ್ಲ, ಒಪ್ಪಿದೆ. ನಾವಿರುವುದು ಸಮಭಾಜಕದಿಂದ ಹದಿನಾಲ್ಕೇ ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿ. ಕಾಶ್ಮೀರ, ಹಿಮಾಚಲಗಳಿಗೆ ಹಿಮ ಸುರಿಸುವ ಪಶ್ಚಿಮದ ಮಾರುತಗಳು ಇಷ್ಟು ದೂರ ಇಳಿದು ಬರುವುದಿಲ್ಲ. ಇಲ್ಲಿ ಆಕಾಶದಿಂದ ಬೀಳುವ ಗಟ್ಟಿ ನೀರೆಂದರೆ ಬೇಸಿಗೆಯ ಗುಡುಗುಮಳೆಯ ಆಲಿಕಲ್ಲು, ಅಷ್ಟೇ. ಆದರೂ ಜೋಗಿಮಟ್ಟಿಯ ಮೇಲೆ ಒಂದು ಬೆಳಿಗ್ಗೆ ಮಂಜು ಕವಿದರೆ ಸಾಕು, ಬಯಲುಸೀಮೆಯ ಊಟಿ ಎನ್ನುವವರೇನು, ಕಾಶ್ಮೀರ ಎನ್ನುವವರೇನು! ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ ಬಿಡಿ. ಕಣ್ಣಿಗೆ ಕವಿಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು.

ನಮ್ಮ ಮಂಜು ಯಾವುದೆಂದು ಬೆಳಗಿನ ಜಾವ ಎದ್ದವರಿಗೆ ಗೊತ್ತು. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿಹೋಗಿ, ಗಾಳಿ ನಿಂತಾಗ ನೆಲದ ಮೇಲಿನ ತೇವ ಸಣ್ಣ ಹನಿಗಳಾಗಿ ನಿಂತುಬಿಡುತ್ತದೆ. ಒಂದು ಕಿಲೋಮೀಟರ್ ಆಚೆಯದು ಕಾಣದಿದ್ದರೆ ಹವಾಮಾನ ಇಲಾಖೆ ಮಂಜು ಎಂದು ಬರೆದುಕೊಳ್ಳುತ್ತದೆ. ಚಳಿಯ ಲೆಕ್ಕ ಬೇರೆ. ಬಯಲುನಾಡಿನಲ್ಲಿ ಶೀತಗಾಳಿ ಎಂದು ಸಾರಬೇಕಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿದಿರಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾಗಿರಬೇಕು. ನಾವು 12, 13ರಲ್ಲೇ ಗಡಗಡ ನಡುಗುತ್ತೇವೆ. ಪುಸ್ತಕದ ಪ್ರಕಾರ ನಮಗೆ ಆಗುತ್ತಿರುವುದು ಚಳಿಯೇ ಅಲ್ಲ.

ಶಿಕಾಗೋದಲ್ಲಿ ಮನೆಯ ಹೊರಗೆ ಹಿಮ. ಒಳಗೆ ಹೀಟರು, ನಲ್ಲಿ ತಿರುಗಿಸಿದರೆ ಬಿಸಿನೀರು. ಅಲ್ಲಿಯವರು ಮನೆ ಕಟ್ಟುವುದೇ ಚಳಿಯನ್ನು ಹೊರಗಿಡಲು. ನಾವು ಕಟ್ಟಿಕೊಂಡಿರುವುದು ಬಿಸಿಲಿಗೆ ಹೆದರಿ. ಕಡಪ ಕಲ್ಲಿನ ನೆಲ, ಮುಚ್ಚಲು ಬಾಗಿಲೇ ಇಲ್ಲದ ಗವಾಕ್ಷಿ, ಹಿತ್ತಲಲ್ಲಿ ಬಚ್ಚಲು. ಶೀಟಿನ ಮನೆಯಾದರಂತೂ ಮುಗಿಯಿತು, ರಾತ್ರಿ ಶೀಟು ತಣ್ಣಗಾಗಿ ಅದರ ಅಡಿಯಲ್ಲೇ ಹನಿಗಟ್ಟಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಒಳಗೂ ಅಷ್ಟೇ ಚಳಿ, ಹೊರಗೂ ಅಷ್ಟೇ ಚಳಿ. ಈಗ ಹೇಳಿ, ಮರುಕ ಯಾರಿಗೆ ಸಲ್ಲಬೇಕು?

ಆ ಚಳಿಯಲ್ಲಿ ಮೊದಲು ಬಾಗಿಲು ತೆಗೆಯುವವರು ಯಾರು? ಅಂಗಳಕ್ಕೆ ನೀರು ಹಾಕುವವಳು, ರಾತ್ರಿಯ ಮುಸುರೆ ತೊಳೆಯುವವಳು, ಶನಿವಾರದ ಬೆಳಗಿನ ಶಾಲೆಗೆ ಮಕ್ಕಳನ್ನು ಎಬ್ಬಿಸಿ ಮೀಯಿಸುವವಳು. ಸೇವಂತಿಗೆ ಹೊಲಕ್ಕೆ ಹೋದವಳ ಸೀರೆ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ನೆನೆದಿರುತ್ತದೆ, ಅದು ಮೈಮೇಲೇ ಒಣಗಬೇಕು. ಭೀಮಸಮುದ್ರ, ಹೊಳಲ್ಕೆರೆ ಕಡೆ ಸುಲಿಗೆಯ ಯಂತ್ರ ಬಂದಿಲ್ಲದ ಮನೆಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಒದ್ದೆ ಅಡಿಕೆ ಸುಲಿಯುತ್ತಾರೆ. ಬೆರಳು ಮರಗಟ್ಟಿ ಕತ್ತಿ ಎಲ್ಲಿ ತಾಗಿತೆಂದು ರಕ್ತ ಕಂಡ ಮೇಲೇ ತಿಳಿಯುವುದು. ಧನುರ್ಮಾಸದ ಹುಗ್ಗಿ ಸೂರ್ಯ ಮೂಡುವ ಮೊದಲೇ ನೈವೇದ್ಯವಾಗಬೇಕು. ದೇವರಿಗೆ ಬಿಸಿ ಹುಗ್ಗಿ, ಮಾಡುವವಳಿಗೆ ಮಡಿಯ ಒದ್ದೆ ಸೀರೆ.

ಮನೆಯ ಗಂಡಸರಿಗೆ ಸ್ವೆಟರಿದೆ, ಮಫ್ಲರಿದೆ, ಮಂಕಿ ಟೋಪಿಯಿದೆ. ಹೆಂಗಸಿಗೆ ಸೆರಗಿದೆ. ಸ್ವೆಟರ್ ಹಾಕಿಕೊಂಡರೆ ಸೀರೆಯ ಅಂದ ಹೋಗುತ್ತದಂತೆ! ಇದನ್ನು ನಮಗೆ ಕಲಿಸಿದ್ದು ಸಿನಿಮಾ ಎಂದು ನನ್ನ ಗುಮಾನಿ. 1989ರ 'ಚಾಂದನಿ' ಚಿತ್ರಕ್ಕಾಗಿ ಸ್ವಿಟ್ಜರ್ಲೆಂಡಿಗೆ ಹೋದರಲ್ಲ, ಅಲ್ಲಿ ಶ್ರೀದೇವಿಗೆ ಉಡಿಸಿದ್ದು ತೆಳ್ಳನೆಯ ಶಿಫಾನ್ ಸೀರೆ. ಆಮೇಲೆ ಎಷ್ಟು ಹಾಡುಗಳು ಬಂದವೋ, ಎಲ್ಲದರಲ್ಲೂ ನಾಯಕನಿಗೆ ಕೋಟು, ನಾಯಕಿಗೆ ಜಾಲರಿಯಂಥ ಸೀರೆ. ಚಳಿಯಾದರೂ ತೋರಿಸಿಕೊಳ್ಳದವಳೇ ಚೆಲುವೆ!

ನಮ್ಮವರು ಇನ್ನೊಂದು ಮಾತು ಆಡುತ್ತಾರೆ: "ಹೆಂಗಸರ ಮೈ ಗಟ್ಟಿ, ಚಳಿ ತಡೆಯುತ್ತದೆ." ಎಲ್ಲಿಯ ಗಟ್ಟಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಾದ ದೇಹಕ್ಕೆ ಕಾವು ಹುಟ್ಟಿಸಿಕೊಳ್ಳುವುದು ಕಷ್ಟ. ಹಾಗಾದರೆ ಒಂದೇ ಮನೆಯಲ್ಲಿ, ಒಂದೇ ಬೆಳಗಿನಲ್ಲಿ ಹೆಚ್ಚು ಚಳಿಯಾಗುವುದು ಅವಳಿಗೇ.

ಹಿಮವಿಲ್ಲದ ಚಳಿ ಕೊಲ್ಲುವುದಿಲ್ಲ ಎನ್ನುವವರಿಗೆ ಒಂದು ಸಂಗತಿ. 2023ರ ಜುಲೈನಲ್ಲಿ, ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಥಂಡಿಗಾಳಿ. ಕೂಸು ಉಳಿಯಲಿಲ್ಲ. ಅದು ಮಾಗಿಯೂ ಅಲ್ಲ, ಮಳೆಗಾಲ. ಹೆರಿಗೆ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದು, ಕೂಸಿನ ಮೈ 36.5ಕ್ಕಿಂತ ಕೆಳಗಿಳಿದರೆ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೊಲ್ಲರಹಟ್ಟಿಗಳನ್ನಷ್ಟೇ ಬೈದು ಕೈ ತೊಳೆದುಕೊಳ್ಳುವವರನ್ನೂ ನಾನು ಒಪ್ಪೆ. ಮೂರು ದಿನ ಹೊರಗೆ ಕೂತವಳನ್ನು ಪಡಸಾಲೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ಹಳೇ ಹೊದಿಕೆ ಕೊಟ್ಟು ಮಲಗಿಸಿದ ಮನೆಗಳು ಪೇಟೆಯಲ್ಲಿ ಇರಲಿಲ್ಲವೇ? ಡಿಸೆಂಬರೂ ಲೆಕ್ಕಕ್ಕಿರಲಿಲ್ಲ, ಜನವರಿಯೂ ಲೆಕ್ಕಕ್ಕಿರಲಿಲ್ಲ.

ಹೊದಿಕೆಗೇನು ನಮ್ಮಲ್ಲಿ ಬರವೇ? ಚಳ್ಳಕೆರೆಯ ಕರಿಕಂಬಳಿಗೆ ನಾಡಿನಲ್ಲೆಲ್ಲ ಹೆಸರಿದೆ. ಕುರಿಯ ಉಣ್ಣೆ ಹಿಂಜಿ ನೂಲುವವರು ಹೆಂಗಸರು. ಹುಣಸೆಬೀಜದ ಗಂಜಿ ಹಚ್ಚಿ, ಮಗ್ಗದ ಗುಂಡಿಯಲ್ಲಿ ನೇಯ್ದು ಬರುವ ಹೊತ್ತಿಗೆ ಅದು ಗಂಡಸಿನ ಹೆಗಲಿಗೆ ಏರುತ್ತದೆ. ಕಂಬಳಿ ಹೊದ್ದ ಗೌಡರನ್ನು ಬೇಕಾದಷ್ಟು ಕಂಡಿದ್ದೇನೆ. ಕಂಬಳಿ ಹೊದ್ದು ನೀರಿಗೆ ಹೋಗುವ ಗೌಡತಿಯನ್ನು ನೀವು ಕಂಡಿದ್ದೀರಾ?

"ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡುತ್ತದೆ, ಅಲ್ಲಿಯವರೆಗೆ ತಡಿ" ಎಂದು ನಮ್ಮಜ್ಜಿಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ತಡೆಯುವುದೇಕೆ? ನಮ್ಮ ಮನೆಗಳಲ್ಲಿ ಹಂಡೆಗೆ ಉರಿ ಹಾಕುವುದು ಯಜಮಾನರ ಸ್ನಾನಕ್ಕೆ. ಗೀಸರ್ ಬಂದ ಮನೆಯಲ್ಲೂ ಅದರ ಸ್ವಿಚ್ಚು ಅವರು ಎದ್ದ ಮೇಲೇ ಒತ್ತುವುದು. ಪಾತ್ರೆ ತೊಳೆದು ಕೈ ನೀಲಿಗಟ್ಟುವುದು ಅದಕ್ಕೂ ಒಂದು ಗಂಟೆ ಮೊದಲು. ಆ ಒಂದು ಗಂಟೆಯನ್ನು ಹಿಂದುಮುಂದು ಮಾಡಿ. ಹಂಡೆ ಮೊದಲು ಕಾಯಲಿ, ಮೊದಲ ಚೊಂಬು ಬಿಸಿನೀರು ಮುಸುರೆಯ ಬಾನಿಗೆ ಬೀಳಲಿ. ಕರೆಂಟು ದಂಡ ಎಂದು ಯಾರಾದರೂ ಗೊಣಗಿದರೆ, ನಾಳೆಯ ಪಾತ್ರೆ ಅವರ ಪಾಲಿಗೆ ಬಿಡಿ.