ಕೋವಿಯೊಳಗಿನ ಬೆಣೆ

ಬೇಡನೂ ಬೆಳವನ ಹಕ್ಕಿಯೂ ಕನ್ನಡ ವಾಚಕರಿಗೆ ಹೊಸಬರಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಕಪೋತದ ಕಥೆಯನ್ನು ಹರಿಕಥೆಯಲ್ಲಿಯೋ ಹಿರಿಯರ ಬಾಯಲ್ಲಿಯೋ ಕೇಳಿದವರು ಬಹು ಮಂದಿ. ಮಳೆಗಾಳಿಗೆ ಸಿಕ್ಕಿ, ಹಸಿದು, ನಡುಗುತ್ತ ತನ್ನ ಮರದಡಿಗೆ ಬಂದ ಬೇಡನಿಗೆ ಗಂಡು ಬೆಳವವು ಬೆಂಕಿ ತಂದು ಚಳಿ ಕಾಯಿಸುತ್ತದೆ. ಉಣಿಸಲು ಬೇರೇನೂ ಇಲ್ಲವೆಂದು ಕೊನೆಗೆ ತಾನೇ ಆ ಬೆಂಕಿಗೆ ಹಾರುತ್ತದೆ. ಅದರ ಸಂಗಾತಿಯನ್ನು ಹಿಡಿದು ಪಂಜರದಲ್ಲಿಟ್ಟುಕೊಂಡು ಬಂದವನೇ ಆ ಬೇಡ. ಅವನ ಕಣ್ಣು ತೆರೆಯುತ್ತದೆ, ನಿಜ. ಆದರೆ ತೆರೆಯುವುದು ಹಕ್ಕಿ ಸುಟ್ಟುಹೋದ ಮೇಲೆ.

ಇದೇ ಕಥೆಯನ್ನು ಚರಿತ್ರೆಯು ಇನ್ನೊಮ್ಮೆ, ಇನ್ನೊಂದು ಖಂಡದಲ್ಲಿ, ಬಹು ದೊಡ್ಡ ಪ್ರಮಾಣದಲ್ಲಿ ಬರೆದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ರಾಜ್ಯಗಳಲ್ಲಿ ಪ್ರತಿ ವರ್ಷವೂ ಸೆಪ್ಟೆಂಬರ್ 1ರಂದು ಬೆಳವನ ಬೇಟೆಯ ಕಾಲ ಮೊದಲಾಗುತ್ತದೆ. ಅಲ್ಲಿನ ಹಳ್ಳಿಗಾಡಿನವರಿಗೆ ಅದೊಂದು ಹಬ್ಬ. ಬೇಸಗೆ ಮುಗಿಯಿತು, ಶರತ್ಕಾಲ ಬಂದಿತು ಎಂದು ಸಾರುವ ದಿನ. ಅಜ್ಜ, ಅಪ್ಪ, ಮೊಮ್ಮಕ್ಕಳು ಒಂದೇ ಹೊಲದ ಅಂಚಿನಲ್ಲಿ ಕೂಡುವ ದಿನ. ಆ ಒಂದು ದಿನಕ್ಕಾಗಿ ನಡೆಯುವ ಸಿದ್ಧತೆ ಸಣ್ಣದಲ್ಲ. ಅದನ್ನು ಗಮನಿಸಿ ನೋಡಿದರೆ ಅದರಲ್ಲಿ ಅರ್ಧ ಕೊಲ್ಲುವುದಕ್ಕೆ, ಉಳಿದರ್ಧ ಕೈ ಹಿಡಿದುಕೊಳ್ಳುವುದಕ್ಕೆ ಎಂಬುದು ಗೊತ್ತಾಗುತ್ತದೆ.

ಹಕ್ಕಿ ಮತ್ತು ಹೊಲ

ಬೇಟೆಗೆ ಗುರಿಯಾಗುವ ಹಕ್ಕಿಯನ್ನು ಅಲ್ಲಿ ‘ಮೌರ್ನಿಂಗ್ ಡವ್’ ಎನ್ನುತ್ತಾರೆ. ಶೋಕಿಸುವ ಬೆಳವ ಎಂದರ್ಥ. ಅದರ ಕೂಗಿನಲ್ಲಿ ದುಃಖದ ಧ್ವನಿ ಇದೆಯೆಂದು ಈ ಹೆಸರು. ನಮ್ಮ ಊರುಗಳ ಹಿತ್ತಿಲಲ್ಲಿ ಗುಟುರು ಹಾಕುವ ಬೆಳವಕ್ಕೆ ಅದು ದೂರದ ನೆಂಟ. ತೂಕ ಅರ್ಧ ಪಾವು ಕಿಲೋ, ಎಂದರೆ ಸುಮಾರು 120 ಗ್ರಾಂ. ಕಾಳು ಆಯ್ದು ತಿನ್ನುವ ಸಾಧು ಪ್ರಾಣಿ. ಆದರೆ ಹಾರಿತೆಂದರೆ ಬಾಣ. ಗಂಟೆಗೆ 80 ಕಿಲೋಮೀಟರಿನ ವೇಗವನ್ನೂ ಮುಟ್ಟಬಲ್ಲದು. ನಡುವೆ ತಟ್ಟನೆ ಬಾಗಿ, ಇಳಿದು, ಮತ್ತೆ ಏರುತ್ತದೆ. ಪಳಗಿದ ಬೇಟೆಗಾರನೂ ಒಂದು ಹಕ್ಕಿಗೆ ನಾಲ್ಕೈದು ತೋಟಾ ಸುಟ್ಟು ತಲೆ ತುರಿಸಿಕೊಳ್ಳುವುದು ಸಾಮಾನ್ಯ.

ಸಿದ್ಧತೆ ವಸಂತದಲ್ಲೇ ಹೊಲದಿಂದ ಪ್ರಾರಂಭವಾಗುತ್ತದೆ. ಅನೇಕರು ಬೇಟೆಗೆಂದೇ ಸೂರ್ಯಕಾಂತಿ ಬಿತ್ತುತ್ತಾರೆ. ಆಗಸ್ಟ್ ತಿಂಗಳಲ್ಲಿ ತೆನೆ ಬಲಿತ ಮೇಲೆ ಸಾಲುಸಾಲಾಗಿ ಕೊಯ್ದು ಕೆಡವುತ್ತಾರೆ. ಬೆಳವಕ್ಕೆ ಬೋಳು ನೆಲದ ಮೇಲೆ ಬಿದ್ದ ಕಾಳೇ ಇಷ್ಟ. ದಟ್ಟ ಹುಲ್ಲಿನಲ್ಲಿ ಕೆದಕುವುದು ಅದಕ್ಕೆ ಒಗ್ಗದು. ಕುಡಿಯಲು ಕೆರೆಯೋ ಕಟ್ಟೆಯೋ, ಕುಳಿತು ನೋಡಲು ಒಣಮರವೋ ವಿದ್ಯುತ್ ತಂತಿಯೋ ಹತ್ತಿರವಿದ್ದರೆ ಹಕ್ಕಿಗಳು ತಾವಾಗಿಯೇ ಬರುತ್ತವೆ.

ಇಲ್ಲಿಯೇ ಕಾನೂನಿನ ಮೊದಲ ಗೆರೆ ಇದೆ. ಅದೇ ಹೊಲದಲ್ಲಿ ಬೆಳೆದ ಬೆಳೆಯನ್ನು ಅಲ್ಲೇ ಕೊಯ್ದು ಕೆಡವಬಹುದು. ಆದರೆ ಬೇರೆಡೆಯಿಂದ ಕಾಳು ತಂದು ಚೆಲ್ಲಿ, ಅದನ್ನು ತಿನ್ನಲು ಬಂದ ಹಕ್ಕಿಗೆ ಗುಂಡು ಹೊಡೆಯುವಂತಿಲ್ಲ. ಚೆಲ್ಲಿದ ಕಾಳನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೂ ಹತ್ತು ದಿನ ಆ ನೆಲದಲ್ಲಿ ಬೇಟೆ ನಿಷಿದ್ಧ. ಪರರ ಹೊಲಕ್ಕೆ ಅತಿಥಿಯಾಗಿ ಹೋದವನೂ ನೆಲವನ್ನು ಒಮ್ಮೆ ಪರೀಕ್ಷಿಸಬೇಕು. ತನಗೆ ತಿಳಿಯಲಿಲ್ಲವೆಂಬ ಮಾತು ಸುಲಭವಾಗಿ ನಡೆಯದು. ಅನ್ನವಿಟ್ಟು ಕರೆದು ಕೊಲ್ಲಬಾರದೆಂಬ ಧರ್ಮವೊಂದು ಕಾಯಿದೆಯ ಭಾಷೆಯಲ್ಲಿ ಹೀಗೆ ಅಡಗಿ ಕುಳಿತಿದೆ.

ಕೋವಿ, ನಾಯಿ, ಕಾಗದ

ಹೊಲದ ಬಳಿಕ ಕೋವಿಯ ಸರದಿ. ಚಳಿಗಾಲದಿಂದ ಮೂಲೆ ಸೇರಿದ್ದ ಕೋವಿಗೆ ಎಣ್ಣೆ ಹಚ್ಚಿ, ನಳಿಗೆ ಒರೆಸಿ, ಸಾಸಿವೆಗಿಂತ ತುಸು ದಪ್ಪನಾದ ಚರೆ ತುಂಬಿದ ತೋಟಾಗಳನ್ನು ಕೊಂಡಿಡುತ್ತಾರೆ. ಮರೆತ ಕೈಗೆ ಅಭ್ಯಾಸ ಬೇಕು. ಅದಕ್ಕಾಗಿ ಯಂತ್ರವೊಂದು ಬಾನಿಗೆ ಎಸೆಯುವ ಬಿಲ್ಲೆಗಳಿಗೆ ಗುರಿಯಿಡುತ್ತಾರೆ. ಆ ಬಿಲ್ಲೆಯನ್ನು ಇಂದಿಗೂ ‘ಮಣ್ಣಿನ ಪಾರಿವಾಳ’ ಎನ್ನುವುದು ವಾಡಿಕೆ. ಏಕೆಂದರೆ ಮೊದಲು ಆ ಸ್ಪರ್ಧೆಗಳಲ್ಲಿ ಜೀವಂತ ಪಾರಿವಾಳಗಳನ್ನೇ ಸಾವಿರಗಟ್ಟಲೆ ಹಾರಿಬಿಟ್ಟು ಹೊಡೆಯುತ್ತಿದ್ದರು. 1880ರಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಜಾರ್ಜ್ ಲಿಗೋವ್ಸ್ಕಿ ಎಂಬಾತ ಮಣ್ಣಿನ ಬಿಲ್ಲೆಯನ್ನು ಬಳಕೆಗೆ ತಂದ. ಆ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ನಾಯಿಯ ಸಿದ್ಧತೆಯೂ ಅಷ್ಟೇ ಮುಖ್ಯ. ಬಿದ್ದ ಹಕ್ಕಿಯನ್ನು ಹುಡುಕಿ ತರುವ ಲ್ಯಾಬ್ರಡಾರ್ ಬೇಸಗೆಯೆಲ್ಲ ನೆರಳಿನಲ್ಲಿ ಮಲಗಿ ಕೊಬ್ಬಿರುತ್ತದೆ. ಸೆಪ್ಟೆಂಬರ್ ಮೊದಲ ವಾರದ ಬಿಸಿಲಿಗೆ ಅದನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದ ಮುಂಚಿನಿಂದಲೇ ದಿನವೂ ಸ್ವಲ್ಪಸ್ವಲ್ಪ ಓಡಿಸಿ ಪಳಗಿಸುತ್ತಾರೆ. ಬೇಟೆಯ ದಿನ ಯಜಮಾನನ ನೀರಿಗಿಂತ ನಾಯಿಯ ನೀರು ಹೆಚ್ಚು ಹೊರುತ್ತಾರೆ. ಕೆಡವಿದ ಹಕ್ಕಿಯನ್ನು ಹುಡುಕಲು ತಕ್ಕ ಪ್ರಯತ್ನ ಮಾಡಲೇಬೇಕೆಂಬುದೂ ಕಾನೂನು. ಹೊಡೆದು ಬಿಟ್ಟು ಹೋಗುವುದು ಅಲ್ಲಿ ಅಪರಾಧ.

ಇನ್ನು ಕಾಗದ. ಬೇಟೆಯ ಪರವಾನಗಿ ಒಂದು. ವಲಸೆಹಕ್ಕಿಗಳ ಬೇಟೆಗೆ ಹೆಸರು ಕೊಟ್ಟು ಪಡೆಯಬೇಕಾದ ನೋಂದಣಿ ಇನ್ನೊಂದು. ಹಿಂದಿನ ವರ್ಷ ಎಷ್ಟು ಹಕ್ಕಿ ಹೊಡೆದೆ ಎಂದು ಅಲ್ಲಿ ಕೇಳುತ್ತಾರೆ. ಆಯ್ದ ಬೇಟೆಗಾರರು ತಾವು ಕೊಂದ ಹಕ್ಕಿಗಳ ಒಂದೊಂದು ರೆಕ್ಕೆಯನ್ನು ಅಂಚೆಯಲ್ಲಿ ಕಳುಹಿಸಬೇಕು. ಗರಿಯ ತುದಿಯ ಬಣ್ಣ ನೋಡಿ ಆ ಹಕ್ಕಿ ಈ ವರ್ಷದ ಮರಿಯೋ ಹಳೆಯದೋ ಎಂದು ತಜ್ಞರು ತಿಳಿಯುತ್ತಾರೆ. 2003ರಿಂದ ಈಚೆಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಲವು ರಾಜ್ಯಗಳ ಸಿಬ್ಬಂದಿಯವರು ಬೆಳವಗಳನ್ನು ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಬಳೆ ತೊಡಿಸಿ, ಮರಳಿ ಹಾರಿಬಿಡುತ್ತಾರೆ. ಬಳೆ ತೊಟ್ಟ ಹಕ್ಕಿ ಯಾರ ಕೈಗೆ ಬಂದರೂ ಅವರು ಸಂಖ್ಯೆಯನ್ನು ವರದಿ ಮಾಡುತ್ತಾರೆ. ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಎಷ್ಟನ್ನು ಕೊಂದರೆ ಕುಲ ಉಳಿದೀತು ಎಂಬ ಲೆಕ್ಕ ಹೀಗೆ ಸಿದ್ಧವಾಗುತ್ತದೆ.

ಎಲ್ಲಕ್ಕಿಂತ ಚಿಕ್ಕ ಸಿದ್ಧತೆ ಕೋವಿಯ ಹೊಟ್ಟೆಯೊಳಗಿದೆ. ಒಂದರ ಮೇಲೊಂದು ತೋಟಾ ಹೊಡೆಯಬಲ್ಲ ಕೋವಿಯ ಉಗ್ರಾಣದಲ್ಲಿ ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯೊಂದನ್ನು ಬೆಣೆಯಂತೆ ಸೇರಿಸಬೇಕು. ಆಗ ಆ ಕೋವಿ ಒಟ್ಟು ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಯಲಾರದು. ಯಂತ್ರಕ್ಕೆ ಸಾಮರ್ಥ್ಯವಿದೆ, ಆದರೂ ಬೇಡ ಎಂದು ಮನುಷ್ಯನೇ ಇಟ್ಟ ಬೆಣೆ ಅದು. ಒಬ್ಬನಿಗೆ ದಿನಕ್ಕೆ ಹೆಚ್ಚೆಂದರೆ 15 ಹಕ್ಕಿ. ಸೂರ್ಯಾಸ್ತಕ್ಕೆ ಕೋವಿ ಮೌನ. ಹೊಲದ ಅಂಚಿಗೆ ಬಂದ ವಾರ್ಡನ್ ಮೊದಲು ನೋಡುವುದು ಪರವಾನಗಿ, ಚೀಲ ಮತ್ತು ಆ ಬೆಣೆ.

ಇಷ್ಟು ಪುಟ್ಟ ಹಕ್ಕಿಗೆ, ಅದೂ ಹತ್ತು ಕೋಟಿಯನ್ನು ಮೀರಿದ ಸಂಖ್ಯೆಯ ಹಕ್ಕಿಗೆ, ಇಷ್ಟೊಂದು ಕಟ್ಟಳೆ ಏಕೆ?

ಬಾನು ತುಂಬಿದ್ದ ಹಕ್ಕಿ

ಅದಕ್ಕೆ ಉತ್ತರ ಬೆಳವದ ಕಥೆಯಲ್ಲಿಲ್ಲ; ಅದರ ಬಂಧುವಾದ ಪ್ರಯಾಣಿಕ ಪಾರಿವಾಳದ ಕಥೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಉತ್ತರ ಅಮೆರಿಕದಲ್ಲಿ ಈ ಹಕ್ಕಿಗಳು 300ರಿಂದ 500 ಕೋಟಿ ಇದ್ದವೆಂದು ಅಂದಾಜು. 1813ರಲ್ಲಿ ಚಿತ್ರಕಾರನೂ ಪಕ್ಷಿಶಾಸ್ತ್ರಜ್ಞನೂ ಆದ ಆಡುಬಾನ್ ಓಹಾಯೋ ನದಿಯ ದಡದಲ್ಲಿ ಲೂಯಿವಿಲ್ ಊರಿಗೆ ಪಯಣಿಸುತ್ತಿದ್ದಾಗ ಇವುಗಳ ಹಿಂಡು ನಡುಹಗಲ ಸೂರ್ಯನನ್ನು ಮರೆಮಾಡಿತು. ಮೂರು ದಿನ ಹಾರಿದರೂ ಸಾಲು ಮುಗಿಯಲಿಲ್ಲ. 1857ರಲ್ಲಿ ಓಹಾಯೋ ರಾಜ್ಯದ ಶಾಸನಸಭೆಯ ಸಮಿತಿಯೊಂದರ ಮುಂದೆ ಈ ಹಕ್ಕಿಗೆ ರಕ್ಷಣೆ ಬೇಕೇ ಎಂಬ ಪ್ರಶ್ನೆ ಬಂದಾಗ, ಅಷ್ಟು ಅಪಾರವಾಗಿರುವ ಹಕ್ಕಿಗೆ ರಕ್ಷಣೆಯ ಅಗತ್ಯವಿಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಕಣ್ಣ ಮುಂದಿನ ಬಾನನ್ನು ನೋಡಿದವರು ಬೇರೆ ಹೇಗೆ ಹೇಳಿಯಾರು!

ಅನಂತರ ಬಂದುವು ರೈಲು ಮತ್ತು ತಂತಿ. ಹಿಂಡು ಎಲ್ಲಿ ಗೂಡುಕಟ್ಟಿದೆಯೆಂಬ ಸುದ್ದಿ ತಂತಿಯಲ್ಲಿ ಹಾರುವುದು. ಬಲೆಗಾರರು ರೈಲಿನಲ್ಲಿ ಬರುವರು. ಕೊಂದ ಹಕ್ಕಿಗಳು ಪೀಪಾಯಿಗಳಲ್ಲಿ ತುಂಬಿ ಅದೇ ರೈಲಿನಲ್ಲಿ ನಗರಗಳ ಪೇಟೆಗೆ ಹೋಗುವುವು. ಮಿಚಿಗನ್ ರಾಜ್ಯದ ಪೆಟೋಸ್ಕಿಯಲ್ಲಿ 1878ರಲ್ಲಿ ನಡೆದ ಹತ್ಯೆ ಇಂಥವುಗಳಲ್ಲಿ ಪ್ರಸಿದ್ಧವಾದುದು. ಗೂಡಿನಲ್ಲಿದ್ದ ಮರಿಗಳನ್ನೂ ಬಿಡಲಿಲ್ಲ. ಕಾಡುಗಳೂ ಅದೇ ವೇಗದಲ್ಲಿ ಉರುಳಿದುವು. ಆ ಹಕ್ಕಿ ಒಂದು ಸಲಕ್ಕೆ ಇಡುತ್ತಿದ್ದುದು ಒಂದೇ ಮೊಟ್ಟೆ; ಬಾಳುತ್ತಿದ್ದುದು ಲಕ್ಷಗಟ್ಟಲೆ ಗುಂಪಿನಲ್ಲಿ. ಗುಂಪು ಒಡೆದ ಮೇಲೆ ಅದರ ವಂಶ ಚೇತರಿಸಿಕೊಳ್ಳಲಿಲ್ಲ.

ಕೊನೆಗೆ ಉಳಿದದ್ದು ಸಿನ್ಸಿನಾಟಿಯ ಪ್ರಾಣಿಸಂಗ್ರಹಾಲಯದಲ್ಲಿದ್ದ ಮಾರ್ಥಾ ಎಂಬ ಹೆಣ್ಣು ಹಕ್ಕಿ ಒಂದೇ. ಅದರ ಜೊತೆಯ ಗಂಡು 1910ರಲ್ಲಿ ಸತ್ತಿತು. ನಾಲ್ಕು ವರ್ಷ ಒಂಟಿಯಾಗಿದ್ದು, ಅದೂ 1914ರಲ್ಲಿ ಸತ್ತಿತು. ಅದರ ದೇಹವನ್ನು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದರು. ರಕ್ಷಣೆ ಬೇಡವೆಂದ ಓಹಾಯೋ ರಾಜ್ಯದಲ್ಲೇ ಆ ಕುಲದ ಕೊನೆಯ ಉಸಿರು ನಿಂತಿತು. ಮಾರ್ಥಾ ಸತ್ತ ದಿನ ಸೆಪ್ಟೆಂಬರ್ 1.

ಬೆಳವನ ಬೇಟೆ ಅದೇ ದಿನ ತೊಡಗುವುದು ಕೇವಲ ಆಕಸ್ಮಿಕ. ಅಮೆರಿಕವೂ, ಕೆನಡಾದ ಪರವಾಗಿ ಬ್ರಿಟನ್ನೂ 1916ರಲ್ಲಿ ಮಾಡಿಕೊಂಡ ವಲಸೆಹಕ್ಕಿಗಳ ಒಪ್ಪಂದದಲ್ಲಿ, ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಕೂಡದೆಂದು ಗೊತ್ತುಮಾಡಿದರು. ಅದು ಗೂಡಿನ ಕಾಲವನ್ನು ನೋಡಿ ಇಟ್ಟ ದಿನ. ಆದರೆ ಒಪ್ಪಂದವೇ ಹುಟ್ಟಿದ್ದು ಮಾತ್ರ ಆಕಸ್ಮಿಕವಲ್ಲ. 1900ರ ಲೇಸಿ ಕಾಯಿದೆ, 1918ರ ವಲಸೆಹಕ್ಕಿಗಳ ಕಾಯಿದೆ, ಅದನ್ನು ಎತ್ತಿಹಿಡಿದ 1920ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇವೆಲ್ಲ ಹಕ್ಕಿಗಳು ಬರಿದಾಗುತ್ತಿದ್ದುದನ್ನು ಕಣ್ಣಾರೆ ಕಂಡ ಕಾಲದ ಫಲಗಳು. 1937ರಲ್ಲಿ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಿಂದ ಬೇಟೆಯ ಕೋವಿ, ತೋಟಾಗಳ ಮೇಲಿನ ನೂರಕ್ಕೆ 11ರ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಮೀಸಲಾಯಿತು. ಕೊಲ್ಲುವವನ ಜೇಬಿನಿಂದಲೇ ಕಾಯುವ ಹಣ ಬರುವಂತಾಯಿತು.

ಲೆಕ್ಕ ಸಾಕೇ?

ಇಂದು ವರ್ಷಕ್ಕೆ ಸುಮಾರು ಒಂದು ಕೋಟಿ ಬೆಳವಗಳು ಅಲ್ಲಿ ಗುಂಡಿಗೆ ಬೀಳುತ್ತವೆ. ಆದರೂ ಕುಲ ಬಾಳಿದೆ. ಅದಕ್ಕೆ ಕಾನೂನು ಒಂದೇ ಕಾರಣವೆಂದರೆ ತಪ್ಪಾದೀತು. ಬೆಳವವು ಒಂದು ಸಲಕ್ಕೆ ಎರಡು ಮೊಟ್ಟೆ ಇಟ್ಟು, ವರ್ಷದಲ್ಲಿ ಹಲವು ಬಾರಿ ಮರಿಮಾಡುತ್ತದೆ. ಗುಂಪಾಗಿ ಗೂಡುಕಟ್ಟದೆ ಚದುರಿ ಬಾಳುತ್ತದೆ. ಕಾಡು ಕಡಿದ ಹೊಲವೇ ಅದಕ್ಕೆ ಮನೆ. ಹೀಗೆ ಪ್ರಕೃತಿ ಕೊಟ್ಟ ಬಲಕ್ಕೆ ಮನುಷ್ಯನ ಲೆಕ್ಕ ಜೊತೆಗೂಡಿದೆ.

ಆದರೂ ಲೆಕ್ಕ ಸರಿಯಾದ ಮಾತ್ರಕ್ಕೆ ಮನಸ್ಸು ಸಮಾಧಾನಗೊಳ್ಳುವುದೇ? ವಿಸ್ಕಾನ್ಸಿನ್ ರಾಜ್ಯದಲ್ಲಿ 1947ರಲ್ಲಿ ಪ್ರಯಾಣಿಕ ಪಾರಿವಾಳದ ನೆನಪಿಗೆ ಸ್ಮಾರಕ ನಿಲ್ಲಿಸಿದರು. 1971ರಲ್ಲಿ ಬೆಳವವನ್ನು ಶಾಂತಿಯ ಲಾಂಛನವಾಗಿ ಆರಿಸಿದರು. 2003ರಲ್ಲಿ ಅದೇ ಲಾಂಛನದ ಬೇಟೆಗೆ ಬಾಗಿಲು ತೆರೆದರು. ಮಿಚಿಗನ್ನಿನ ಮತದಾರರು 2006ರಲ್ಲಿ ಬೆಳವನ ಬೇಟೆ ಬೇಡವೆಂದರು. ಓಹಾಯೋದ ಮತದಾರರು 1998ರಲ್ಲಿ ಬೇಟೆಯನ್ನು ನಿಷೇಧಿಸಲು ಒಪ್ಪಲಿಲ್ಲ. ಗಾಯಗೊಂಡು ಕೈಗೆ ಸಿಗದೆ ಹೋಗುವ ಹಕ್ಕಿಗಳೂ ಉಂಟು. ನೆಲದಲ್ಲಿ ಉಳಿದ ಸೀಸದ ಚರೆಯನ್ನು ಕಾಳೆಂದೋ ಕಲ್ಲೆಂದೋ ನುಂಗಿ ವಿಷವೇರಿ ಸಾಯುವ ಹಕ್ಕಿಗಳೂ ಉಂಟು. ಇವುಗಳನ್ನು ದಿನಕ್ಕೆ 15 ಎಂಬ ಎಣಿಕೆ ಎಣಿಸುವುದಿಲ್ಲ. ಸೀಸವನ್ನು ಬಿಟ್ಟು ಉಕ್ಕಿನ ಚರೆಯನ್ನು ಕೊಳ್ಳುವುದು ಇಂದಿನ ವಿವೇಕಿಯಾದ ಬೇಟೆಗಾರನ ಸಿದ್ಧತೆಯಲ್ಲಿ ಸೇರಬೇಕಾದ ಹೊಸ ಮಾತು.

ಭಾರತವು ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ಇಲ್ಲಿ ಬೆಳವನ್ನು ವಿನೋದಕ್ಕಾಗಿ ಕೊಲ್ಲುವುದು ಅಪರಾಧ. ಹಾಗೆಂದು ಇಲ್ಲಿಯವರು ಎದೆಯುಬ್ಬಿಸಿಕೊಳ್ಳಬೇಕಾಗಿಲ್ಲ. ಕೋವಿಯಿಲ್ಲದೆಯೂ ಹಕ್ಕಿ ಮರೆಯಾಗಬಲ್ಲದು. ಗೂಡಿನ ಮರ ಹೋದರೂ ಸಾಕು, ಕಾಳಿಗೆ ವಿಷ ಬೆರೆತರೂ ಸಾಕು. ಅಲ್ಲಿನವರು ಕೊಲ್ಲುವುದಕ್ಕೆ ಮುನ್ನ ಎಣಿಸಲು ಕಲಿತಿದ್ದಾರೆ. ಕೊಲ್ಲದವರೂ ಒಮ್ಮೊಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಸೆಪ್ಟೆಂಬರ್ 1ರ ಸಂಜೆ ಓಹಾಯೋದ ಸೂರ್ಯಕಾಂತಿ ಹೊಲವೊಂದರ ಅಂಚಿನಲ್ಲಿ ತಂದೆ ತನ್ನ ಮಗನಿಗೆ ಚೀಲದ ಹಕ್ಕಿಗಳನ್ನು ಎಣಿಸಲು ಹೇಳುತ್ತಾನೆ. ಹದಿನೈದು ಆಗಿದ್ದರೆ ಕೋವಿಯಿಂದ ತೋಟಾ ತೆಗೆಯುತ್ತಾರೆ. ಇನ್ನೂ ಬೆಳಕಿದೆ, ಹಕ್ಕಿಗಳು ನೀರಿಗೆ ಬರುತ್ತಲೇ ಇವೆ. ಹದಿನಾರನೆಯದು ತಲೆಯ ಮೇಲೆಯೇ ಹಾರಿಹೋಗುತ್ತದೆ. ಹುಡುಗ ಅದನ್ನು ಸುಮ್ಮನೆ ನೋಡುತ್ತಾನೆ. ಪ್ರಯಾಣಿಕ ಪಾರಿವಾಳದ ಕಾಲದಲ್ಲಿ ಹದಿನಾರನೆಯ ಹಕ್ಕಿಯನ್ನು ಹಾರಲು ಬಿಟ್ಟವರಿರಲಿಲ್ಲ. ಮಾರ್ಥಾಳ ಸಾವಿನಿಂದ ಆ ನಾಡಿಗೆ ಸಿಕ್ಕ ಪಾಠವೆಲ್ಲ ಆ ಒಂದು ಹಕ್ಕಿಯ ಹಾರಾಟದಲ್ಲಿದೆ.